ಅಳಿಯ ಬಿಟ್ಟುಹೋದ ಜೇಡ

ಬೀದಿಯವರು ಅವಳನ್ನು ಹಲ್ಲಮ್ಮ ಅನ್ನುತ್ತಿದ್ದರು, ಎದುರಿಗೆ ಅಲ್ಲ, ಬೆನ್ನ ಹಿಂದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂಬದಿ ಕೋಣೆಯಲ್ಲಿ ಕೂತು ಮೂವತ್ತೊಂದು ವರ್ಷದಿಂದ ಅವಳು ಹಲ್ಲಿನ ಸೆಟ್ಟು ಮಾಡುತ್ತಿದ್ದಳು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲನ್ನು ಇಕ್ಕಳದಲ್ಲಿ ಹಿಡಿದು ಕೂರಿಸುವುದು ಅವಳ ಕೆಲಸ. ಊರಿನ ಅರ್ಧ ದೊಡ್ಡಮನುಷ್ಯರ ಬಾಯಿ ಅವಳ ಕಪಾಟಿನಲ್ಲಿ ಸಾಲಾಗಿ ಧೂಳು ತಿನ್ನುತ್ತಿತ್ತು. ಹಾಗಾಗಿ ಯಾರು ಎಷ್ಟೇ ಬಾಯಿ ದೊಡ್ಡದು ಮಾಡಿದರೂ ಅವಳಿಗೆ ಭಯವೂ ಇಲ್ಲ, ಗೌರವವೂ ಇಲ್ಲ. "ಹಲ್ಲು ನಂದು, ಬಡಾಯಿ ಮಾತ್ರ ಅವರದ್ದು" ಅಂತ ಮೂಗು ಮುರಿಯುತ್ತಿದ್ದಳು.

ಈ ಮೂಗು ಮುರಿಯುವಿಕೆಯ ದೊಡ್ಡ ಪಾಲು ಅಳಿಯನಿಗೇ ಮೀಸಲು. ಅವನು ಟೈಲ್ಸ್ ಅಂಗಡಿಯಲ್ಲಿ ಮಾರಾಟಗಾರ. ಬಚ್ಚಲಮನೆಯ ಟೈಲ್ಸ್ ತೋರಿಸುವಾಗಲೂ ಅರಮನೆ ತೋರಿಸುವವನ ಹಾಗೆ ಕೈ ಬೀಸುವ ಆಸಾಮಿ. ಆರಂಭಶೂರ. ಒಂದು ವರ್ಷ ಗಿಟಾರು, ಇನ್ನೊಂದು ವರ್ಷ ಬೆಳಗಿನ ಓಟದ ಶೂ, ಆಮೇಲೆ ಮೀನಿನ ತೊಟ್ಟಿ. ಗಿಟಾರಿನ ತಂತಿ ತುಕ್ಕು ಹಿಡಿಯಿತು, ಶೂ ತಂದ ಡಬ್ಬಿಯಲ್ಲೇ ಉಳಿಯಿತು, ಮೀನುಗಳ ಕಥೆ ಹೇಳುವುದೇ ಬೇಡ.

ಒಂದು ಭಾನುವಾರ ಬೆಳಿಗ್ಗೆ ಅವನು ಕಂಕುಳಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಬಂದ. ಹಿಂದೆ ಮಗಳು ಮುಖ ಊದಿಸಿಕೊಂಡು ನಿಂತಿದ್ದಳು.

"ಅತ್ತೆ, ಎರಡೇ ದಿನ ಇಲ್ಲಿರಲಿ" ಅಂದ ಅಳಿಯ.

"ಎರಡು ದಿನ ಅಲ್ಲಮ್ಮಾ" ಅಂದಳು ಮಗಳು. "ಅದಿರೋ ಮನೇಲಿ ನಾನಿರಲ್ಲ ಅಂದಿದೀನಿ. ನೋಡು ಏನು ತಂದಿದಾರೆ ಅಂತ."

ಪೆಟ್ಟಿಗೆಯೊಳಗೆ ಒಂದು ಟರಾಂಟುಲಾ ಜೇಡ ಮೂಲೆಗೆ ಅಂಟಿಕೊಂಡು ಕೂತಿತ್ತು. ಅಂಗೈಯಗಲದ ಕಂದು ಪ್ರಾಣಿ, ಮೈತುಂಬ ಕೂದಲು. ಮೇಲೆ ಕೆಂಪು ದೀಪ ಉರಿಯುತ್ತಿತ್ತು. ನಿಲ್ಲಿಸಿದ್ದ ಎತ್ತರದ ಕೊಂಬೆ ಮುಚ್ಚಳಕ್ಕೆ ತಾಗುತ್ತಿತ್ತು. ಆರು ಜಿರಳೆಗಳು ಅದರ ಕಾಲಿನ ಮೇಲೇ ಓಡಾಡುತ್ತಿದ್ದವು. ಜೇಡ ಕಾಲೆಳೆದುಕೊಂಡಷ್ಟೂ ಅವು ಹತ್ತಿರ ಬರುತ್ತಿದ್ದವು.

"ಇಷ್ಟು ಜಿರಳೆ ಯಾಕೆ?"

"ಬೇಟೆ ಆಡೋದನ್ನ ವಿಡಿಯೋ ಮಾಡೋಣ ಅಂತ. ತಿನ್ನಲೇ ಇಲ್ಲ. ಕೈ ಮೇಲೆ ಬಿಟ್ಟುಕೊಂಡು ಫೋಟೋ ತೆಗೆಸೋಣ ಅಂದ್ರೆ, ಹಿಂಗಾಲಲ್ಲಿ ಕೂದಲು ಕೆದರಿ ಎಸೀತು." ಅವನ ಕುತ್ತಿಗೆ, ಮಣಿಕಟ್ಟು ಕೆಂಪಗೆ ದದ್ದೆದ್ದಿದ್ದವು. ಮಾತಾಡುತ್ತಲೇ ಪರಪರ ಕೆರೆದುಕೊಳ್ಳುತ್ತಿದ್ದ.

"ಅಳಿಯಂದಿರಿಗೆ ನೋವಾಯಿತೇನೋ" ಅಂದಳು ಹಲ್ಲಮ್ಮ. ಅವನಿಗೆ ಬಹುವಚನ ತಪ್ಪಿಸುತ್ತಿರಲಿಲ್ಲ. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಅವಳಿಗೆ ಜೇಡದ ಮೇಲೆ ಪ್ರೀತಿಯೇನೂ ಉಕ್ಕಲಿಲ್ಲ. ಅವರು ಹೋದ ಮೇಲೆ ಪೆಟ್ಟಿಗೆಯನ್ನು ಹೊರಗಿಡುವುದೋ ಒಳಗಿಡುವುದೋ ಅಂತ ಸುಮಾರು ಹೊತ್ತು ಯೋಚಿಸಿದಳು. ಕೊನೆಗೆ ಹೊಟ್ಟೆ ಉರಿದದ್ದು ಕೆಲಸದ ವಿಷಯಕ್ಕೆ. ಯಾರೋ ಕುಲಗೆಡಿಸಿಟ್ಟ ಕೆಲಸವನ್ನು ನೋಡಿ ಸುಮ್ಮನಿರುವುದು ಅವಳ ಜಾಯಮಾನವಲ್ಲ. ಉದ್ದ ಇಕ್ಕಳ ತಂದು ಆರು ಜಿರಳೆಗಳನ್ನೂ ಹೆಕ್ಕಿ ತೆಗೆದಳು. ದೀಪ ಆರಿಸಿದಳು. ಜೇಡ ಒಂದು ಕಾಲನ್ನು ನಿಧಾನವಾಗಿ ಚಾಚಿತು.

ಮಾರನೇ ದಿನ ಊಟದ ಬಿಡುವಿನಲ್ಲಿ, ಅಳಿಯ ಜೇಡ ಕೊಂಡಿದ್ದ ಪ್ರಾಣಿಗಳ ಅಂಗಡಿಗೆ ಹೋದಳು. ಗಿಳಿ, ಮೊಲ, ಆಮೆಗಳ ನಡುವೆ ಕೂತಿದ್ದ ಅಂಗಡಿಯವನು ಅವಳ ಪ್ರಶ್ನೆ ಕೇಳಿ ತಲೆಯೆತ್ತಿದ.

"ಅವರಿಗೆ ಎಲ್ಲಾ ಹೇಳಿದ್ದೆನಲ್ಲ. ಮೊದಲ ವಾರ ಮುಟ್ಟಬೇಡಿ, ಊಟನೂ ಹಾಕಬೇಡಿ, ಹೊಸ ಜಾಗಕ್ಕೆ ಹೊಂದಿಕೊಳ್ಳಲಿ ಅಂತ."

"ಹೇಳಿರ್ತೀರಿ. ಅವರ ಕಿವಿಗೂ ತಲೆಗೂ ನಡುವೆ ದಾರಿ ಇಲ್ಲ. ನನಗೆ ಹೇಳಿ."

ಅವನು ಹೇಳಿದ. ಇದು ನೆಲದ ಜೇಡ, ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ, ಕೊಂಬೆ ಬೇಡ. ಮಣ್ಣು ದಪ್ಪಗೆ ಹಾಕಿ ಬೀಳುವ ಎತ್ತರ ಕಡಿಮೆ ಮಾಡಬೇಕು. ಅಡಗಲು ಒಂದು ಗೂಡು, ಕುಡಿಯಲು ನೀರು. ಮನುಷ್ಯರಿಗೆ ಹಿತವಾದ ಕೋಣೆ ಅದಕ್ಕೂ ಸಾಕು, ದೀಪ ಬೇಡ. ವಾರಕ್ಕೊಂದು ಜಿರಳೆ, ಅದರ ಹೊಟ್ಟೆಗಿಂತ ಚಿಕ್ಕದು.

"ಜಿರಳೆ ಮನೇಲೇ ಇವೆಯಲ್ಲ."

"ಅವು ಬೇಡಮ್ಮ, ಔಷಧಿ ತಿಂದಿರುತ್ತವೆ. ನಾವು ಸಾಕಿದ್ದನ್ನೇ ತಗೊಳ್ಳಿ."

ಐವತ್ತೆಂಟು ವರ್ಷ ಜಿರಳೆಗೆ ಪೊರಕೆ ಎತ್ತಿದವಳು ಅಂದು ಜಿರಳೆಯನ್ನು ಕೊಂಡು ತಂದಳು. ದಾರಿಯುದ್ದಕ್ಕೂ ಅಳಿಯನ ಏಳು ತಲೆಮಾರನ್ನು ಮನಸ್ಸಿನಲ್ಲೇ ನೆನೆದಳು.

ತೆಂಗಿನ ನಾರಿನ ಪುಡಿಯನ್ನು ನೀರಲ್ಲಿ ನೆನೆಸಿ, ಹಿಂಡಿ, ಪೆಟ್ಟಿಗೆಯ ಅರ್ಧಕ್ಕೂ ಮೇಲೆ ಒತ್ತಿ ತುಂಬಿದಳು. ಒಡೆದ ಹೂಕುಂಡದ ಅರ್ಧವನ್ನು ಅಂಚು ತಿಕ್ಕಿ ನುಣುಪು ಮಾಡಿ ಮಗುಚಿ ಹೂತಳು. ಗೂಡಾಯಿತು. ಸೆಟ್ಟು ನೆನೆಹಾಕುವ ಹೊಸ ಬಟ್ಟಲಿನ ಮುಚ್ಚಳವನ್ನು ನೀರಿಗೆ ಇಟ್ಟಳು. ಇದಕ್ಕೆಲ್ಲ ಮೊದಲೇ ಜೇಡವನ್ನು ಹೊರಗೆ ತೆಗೆದಿದ್ದಳು, ಕೈಯಲ್ಲಿ ಮುಟ್ಟದೆ. ಎದುರಿಗೆ ಲೋಟ ಅಡ್ಡಹಿಡಿದು ಹಿಂದಿನಿಂದ ಚಿತ್ರದ ಕುಂಚದಲ್ಲಿ ಮೆಲ್ಲಗೆ ಸವರಿದ್ದಳು. ಅದು ತಾನಾಗೇ ಲೋಟದೊಳಗೆ ನಡೆದಿತ್ತು, ಈಗ ಅಲ್ಲಿಂದ ಗೂಡಿನೊಳಗೆ ನಡೆಯಿತು.

ಅದನ್ನು ಒಂದು ವಾರ ಉಪವಾಸ ಇಟ್ಟಳು. ಎಂಟನೇ ದಿನ ಸಂಜೆ, ಇಕ್ಕಳದ ತುದಿಯಲ್ಲಿ ಜಿರಳೆ ಹಿಡಿದು ಗೂಡಿನ ಬಾಯಿಗೆ ಇಳಿಬಿಟ್ಟಳು. ಜಿರಳೆ ಎರಡು ಹೆಜ್ಜೆ ಇಟ್ಟಿತು. ಮುಂದಿನದು ಅವಳ ಕಣ್ಣಿಗೂ ಸಿಗಲಿಲ್ಲ. ನೋಡುವಷ್ಟರಲ್ಲಿ ಜಿರಳೆ ಕೋರೆಹಲ್ಲುಗಳ ನಡುವೆ ಇತ್ತು, ಜೇಡ ಮತ್ತೆ ಕಲ್ಲಾಗಿತ್ತು. ಕೂಗಿಲ್ಲ, ಮೆರೆದಾಟವಿಲ್ಲ. "ಕೆಲಸ ಅಂದ್ರೆ ಇದು" ಅಂದುಕೊಂಡಳು. ಮನುಷ್ಯರ ಬಗ್ಗೆ ಆ ಮಾತು ಅವಳ ಬಾಯಿಂದ ಬಂದು ಬಹಳ ಕಾಲವಾಗಿತ್ತು.

ಎರಡು ತಿಂಗಳು ಹೀಗೇ ನಡೆಯಿತು. ಅಳಿಯ ಒಮ್ಮೆಯೂ ಇತ್ತ ತಲೆ ಹಾಕಲಿಲ್ಲ. ಮೂರನೇ ತಿಂಗಳು ಜೇಡ ಊಟ ಬಿಟ್ಟಿತು, ಹೊಟ್ಟೆ ಕಪ್ಪಗಾಯಿತು. ಅವಳು ಮತ್ತೆ ಅಂಗಡಿಗೆ ಹೋದಳು. "ಪೊರೆ ಬಿಡುತ್ತೆ" ಅಂದ ಅವನು. "ಬೆನ್ನ ಮೇಲೆ ಮಲಗುತ್ತೆ, ಹೆದರಬೇಡಿ. ಸತ್ತರೆ ಕಾಲು ಹೊಟ್ಟೆಯಡಿಗೆ ಮುದುಡಿಕೊಳ್ಳುತ್ತೆ. ಜಿರಳೆ ಒಳಗಿದ್ದರೆ ತೆಗೆದುಬಿಡಿ, ಆಗ ಅದರ ಮೈ ಬೆಣ್ಣೆ ಹಾಗಿರುತ್ತೆ."

ಮುಂದಿನ ಭಾನುವಾರವೇ ಅಳಿಯನಿಗೆ ತನ್ನ ಜೇಡದ ನೆನಪಾಗಬೇಕೇ? ಟೈಲ್ಸ್ ಅಂಗಡಿಯ ಮಾಲೀಕರನ್ನು ಕರೆದುಕೊಂಡು ಬಂದ. "ನಾನು ಸಾಕಿರೋದು ಸಾರ್" ಅನ್ನುವ ಮಾತು ಮೆಟ್ಟಿಲಿನಿಂದಲೇ ಕೇಳಿಸಿತು. ಪೆಟ್ಟಿಗೆಯಲ್ಲಿ ಜೇಡ ತಾನು ನೇಯ್ದ ಬಿಳಿ ಹಾಸಿನ ಮೇಲೆ ಅಂಗಾತ ಬಿದ್ದಿತ್ತು, ಎಂಟೂ ಕಾಲು ಮೇಲೆ.

"ಸತ್ತುಹೋಗಿದೆ" ಅಂದ ಅಳಿಯ. ಮುಖ ಕೆಂಪಾಯಿತು. "ಏನತ್ತೆ ಇದು, ಊಟ ಹಾಕದೆ ಕೊಂದುಬಿಟ್ರಲ್ಲ." ಅಡುಗೆಮನೆಯಿಂದ ಚಮಚ ತಂದು ಮುಚ್ಚಳ ತೆಗೆದ.

ಹಲ್ಲಮ್ಮ ಅವನ ಮಣಿಕಟ್ಟು ಹಿಡಿದಳು. ಒಳಗೊಳಗೇ ಅವಳಿಗೂ ಅಳುಕಿತ್ತು, ಅಂಗಡಿಯವನ ಮಾತು ಬಿಟ್ಟರೆ ಅವಳಿಗೂ ಬೇರೆ ಆಧಾರವಿರಲಿಲ್ಲ. ಆದರೆ ಮೂವತ್ತೊಂದು ವರ್ಷ ಅಚ್ಚು ಬಿಡಿಸಿದ ಕೈ ಅದು. ಅವನಿಗೆ ಬಿಡಿಸಿಕೊಳ್ಳಲಾಗಲಿಲ್ಲ.

"ಚಮಚ ಕೆಳಗಿಡಿ ಅಳಿಯಂದಿರೇ. ಅದು ಬಟ್ಟೆ ಬದಲಾಯಿಸ್ತಾ ಇದೆ. ಮರ್ಯಾದೆ ಇದ್ದವರು ಕೂತುಕೊಂಡು ಕಾಯ್ತಾರೆ."

ಮಾಲೀಕರು ಕುರ್ಚಿ ಎಳೆದುಕೊಂಡು ಕೂತರು. ಅವರ ಬಾಯಿಯ ಮೇಲ್ಸಾಲಿನ ಸೆಟ್ಟು ಹಲ್ಲಮ್ಮನ ಕೈಯದ್ದೇ. ಅವಳು ಕೂಡಲೇ ಗುರುತಿಸಿದಳು, ಹೇಳಲಿಲ್ಲ. ಅಳಿಯ ಅರ್ಧ ಗಂಟೆ ಚಡಪಡಿಸಿ, ಫೋನ್ ಬಂತು ಅಂತ ಹೊರಗೆ ಹೋದವನು ಬೀದಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತುಬಿಟ್ಟ. ಇಲ್ಲಿ ಇಬ್ಬರೂ ನೋಡುತ್ತಿದ್ದರು. ಜೇಡದ ಎದೆಯ ಅಂಚಿನಲ್ಲಿ ಸೀಳು ಬಿಟ್ಟಿತು. ಒಳಗಿನಿಂದ ತೇವದ, ಮಾಸಲು ಬಣ್ಣದ ಜೇಡವೊಂದು ಎಂಟು ಕಾಲನ್ನೂ ಹಳೆಯ ಕಾಲುಗಳಿಂದ, ಬಿಗಿ ಕೈಗವಸು ಕಳಚಿದ ಹಾಗೆ, ಇಂಚಿಂಚಾಗಿ ಎಳೆದುಕೊಂಡಿತು. ಮಧ್ಯಾಹ್ನ ದಾಟುವ ಹೊತ್ತಿಗೆ ಜೇಡದ ಪಕ್ಕದಲ್ಲಿ ಇನ್ನೊಂದು ಜೇಡ ಬಿದ್ದ ಹಾಗಿತ್ತು, ಖಾಲಿ ಚರ್ಮ. ಜೇಡದ ಕೋರೆಹಲ್ಲು ಹಾಲಿನಷ್ಟು ಬೆಳ್ಳಗಿತ್ತು.

"ಹಲ್ಲೂ ಹೊಸದಾ?" ಮಾಲೀಕರು ದವಡೆ ಮುಟ್ಟಿಕೊಂಡರು.

"ಹೂಂ. ಹತ್ತು ದಿನಕ್ಕೆ ಗಟ್ಟಿಯಾಗಿ ಕಪ್ಪಾಗುತ್ತಂತೆ. ಅಲ್ಲಿವರೆಗೆ ಊಟ ಕೊಡೋ ಹಾಗಿಲ್ಲ."

"ನಮಗಿಲ್ಲದ ಭಾಗ್ಯ ನೋಡಿ" ಅಂದು ಅವರು ಎದ್ದರು. ಹೋಗುವಾಗ ಅವಳಿಗೆ ಕೈಮುಗಿದರು. ಹೋಟೆಲಿನಲ್ಲಿ ಕೂತವನನ್ನು ಕರೆಯುವುದು ಅವರಿಗೆ ನೆನಪಾಗಲಿಲ್ಲ.

ಒಣಗಿದ ಚರ್ಮವನ್ನು ಅಂಗಡಿಯವನಿಗೆ ತೋರಿಸಿದಾಗ ಅವನು ಒಳಮೈ ಪರೀಕ್ಷಿಸಿ, ಇದು ಹೆಣ್ಣು, ಇನ್ನೂ ಇಪ್ಪತ್ತು ವರ್ಷ ಬದುಕಿದರೂ ಬದುಕೀತು ಅಂದ. ವಿಷಯ ತಿಳಿದ ಅಳಿಯ ಮಗಳ ಜೊತೆ ಬಂದು, ತಲೆ ಕೆರೆದುಕೊಳ್ಳುತ್ತ ಆ ಚರ್ಮವನ್ನಾದರೂ ಕೊಡಿ ಅಂತ ಕೇಳಿದ.

"ತಗೊಂಡು ಹೋಗಿ" ಅಂದಳು ಹಲ್ಲಮ್ಮ. "ನಿಮಗೆ ಇದೇ ಸರಿ. ಊಟ ಕೇಳಲ್ಲ, ನೀರು ಕೇಳಲ್ಲ, ಎಷ್ಟು ಹೊತ್ತು ಬೇಕಾದ್ರೂ ಕೈ ಮೇಲೆ ಕೂರುತ್ತೆ."

ಅವನು ಅದನ್ನು ಹತ್ತಿಯಲ್ಲಿಟ್ಟು ಸಂಭ್ರಮದಿಂದ ಒಯ್ದ. ಮಾತು ಅವನಿಗೆ ತಾಗಲೇ ಇಲ್ಲ. ಮಗಳು ಮಾತ್ರ ಹಿಂದೆ ಉಳಿದು, ಮೊದಲ ಸಲ ಪೆಟ್ಟಿಗೆಯ ಹತ್ತಿರ ಬಂದು ಬಗ್ಗಿ ನೋಡಿದಳು.

"ಇಪ್ಪತ್ತು ವರ್ಷ ಅಂದ್ರೆ ನಿನಗೆ ಎಪ್ಪತ್ತೆಂಟಮ್ಮ."

"ಲೆಕ್ಕ ನನಗೂ ಬರುತ್ತೆ. ನಾನು ಹೋದ ಮೇಲೆ ಇದು ನಿನಗೆ. ಅವರ ಕೈಗೆ ಮಾತ್ರ ಕೊಡಬೇಡ."

ಮಗಳು ಇಕ್ಕಳವನ್ನು ಕೈಗೆತ್ತಿಕೊಂಡು, ಜಿರಳೆಯನ್ನು ಎಲ್ಲಿ ಹಿಡಿಯಬೇಕು ಅಂತ ಕೇಳಿದಳು.