ಹದಿನೇಳನೆಯ ಕೈ

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಲೋಕ ಕೇಳುತ್ತದೆ. ಸವಣೂರಿನ ಖತೀಜಾಬಿಗೆ ಹುಣ್ಣು ಕೊಟ್ಟದ್ದೇ ಕನ್ನಡಿ. ಬಂಕಾಪುರದಲ್ಲಿ ತಂಗಿಯ ಮಗಳ ಮನೆಯವರು ಬೀರು ಎತ್ತಿಡುವಾಗ ಅದರ ಬಾಗಿಲಿನ ಕನ್ನಡಿ ಸಡಿಲಾಗಿ ಜಾರಿತು. ಅಲ್ಲಿ ಆರು ಜನ ಗಂಡಸರಿದ್ದರು. ಆರೂ ಜನ ಹಿಂದಕ್ಕೆ ಸರಿದರು. ಕೈ ಚಾಚಿದವಳು ಈಕೆ ಒಬ್ಬಳೇ. ಬಲಗೈಯ ಮಣಿಕಟ್ಟಿನ ಒಳಭಾಗ ಎರಡು ಬೆರಳಗಲ ಸೀಳಿಹೋಯಿತು. ಐವತ್ತೆರಡು ವರ್ಷದ ಹೆಂಗಸಿಗೆ ಅಷ್ಟು ಚುರುಕು ಯಾಕೆ ಬೇಕಿತ್ತು ಎಂದು ಆಮೇಲೆ ನೆಂಟರೆಲ್ಲ ಕೇಳಿದರು. ಕೇಳಿದವರಲ್ಲಿ ಆ ಆರು ಜನರೂ ಇದ್ದರು.

ಆಕೆಯ ಚುರುಕಿಗೆ ಕಾರಣವಿತ್ತು. ಪರಮೇಶಪ್ಪ ಎಂಬ ತೋಟದ ಸಾವುಕಾರರ ಅಂಗಳದಲ್ಲಿ ಮೂವತ್ತು ವರ್ಷದಿಂದ ಆಕೆ ವೀಳ್ಯದೆಲೆ ಎಣಿಸುತ್ತಿದ್ದಳು. ಬೆಳಿಗ್ಗೆ ತೋಟದಿಂದ ಬಂದ ಒದ್ದೆ ಎಲೆಯ ರಾಶಿಯ ಮುಂದೆ ಕುಳಿತು ಐದೈದು ಎಲೆ ಹಿಡಿಯುವುದು. ಇಪ್ಪತ್ತು ಸಲ ಹಿಡಿದರೆ ನೂರರ ಕಟ್ಟು. ಪ್ರತಿ ಹಿಡಿಗೂ ಗಂಟಲೊಳಗೇ ಒಂದು ‘ಹೂಂ’. ಎದುರು ಕುಳಿತು ಬಾಳೆನಾರಿನಲ್ಲಿ ಕಟ್ಟು ಬಿಗಿಯುವವಳು ಆ ಹೂಂಗಳನ್ನೇ ನಂಬಿ ಕೆಲಸ ಮಾಡುತ್ತಿದ್ದಳು. ಖತೀಜಾಬಿ ಎಲೆಯತ್ತ ನೋಡುತ್ತಲೇ ಇರಲಿಲ್ಲ. ಯಾರ ಮನೆಯ ಸಂಬಂಧ ಕುದುರಿತು, ಯಾರದು ಮುರಿಯಿತು ಎಂದು ಬಾಯಿ ಊರೆಲ್ಲ ಸುತ್ತುತ್ತಿದ್ದರೆ, ತೂತು ಬಿದ್ದ ಎಲೆ, ಬಲಿತ ಎಲೆ, ಅಂಚು ಕೊಳೆತ ಎಲೆ ಹೆಬ್ಬೆರಳು ತೋರುಬೆರಳುಗಳ ನಡುವೆ ಸಿಕ್ಕೊಡನೆ ಪಕ್ಕಕ್ಕೆ ಹಾರುತ್ತಿತ್ತು. ಮಗ ಅಲ್ತಾಫ ನಾಲ್ಕು ವರ್ಷದವನಿದ್ದಾಗ ಗಂಡ ತೀರಿಕೊಂಡ. ಮಗನನ್ನು ಬೆಳೆಸಿದ್ದು, ಓದಿಸಿದ್ದು, ಗುಲ್ನಾಜಳನ್ನು ಸೊಸೆಯಾಗಿ ತಂದದ್ದು ಎಲ್ಲವೂ ಆ ಎರಡು ಬೆರಳಿನ ಕೆಲಸದಿಂದ. ಆ ಬೆರಳುಗಳ ಬಗ್ಗೆ ಆಕೆಗೆ ಸ್ವಲ್ಪ ಸೊಕ್ಕೂ ಇತ್ತು.

ಕನ್ನಡಿ ಕತ್ತರಿಸಿದ್ದು ಆ ಬೆರಳುಗಳ ನರವನ್ನೇ. ಅದೇ ದಿನ ಸಂಜೆ ಹುಬ್ಬಳ್ಳಿಯಲ್ಲಿ ಡಾಕ್ಟರ್ ನೀಲಾಂಬಿಕಾ ನರದ ಎರಡು ತುದಿಗಳನ್ನು ಸೇರಿಸಿ ಹೊಲಿದರು. ಹಿರೇಕೆರೂರಿನ ಹತ್ತಿ ವ್ಯಾಪಾರಿಗಳ ಮನೆಯ ಮಗಳು. ಕೈಯ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರು. ಕಣ್ಣಿಗೆ ಕಾಣದ ಹೊಲಿಗೆ ಹಾಕುವಷ್ಟೇ ತಾಳ್ಮೆಯಿಂದ ಮಾತೂ ಆಡುತ್ತಿದ್ದರು.

“ನರ ಅಂದ್ರ ಹಗ್ಗ ಇದ್ದಂಗರಿ ಅವ್ವಾರ. ಅದರಾಗ ಸಾವಿರಾರು ಎಳಿ ಇರ್ತಾವ. ಹರದ ಮ್ಯಾಲ ಬೆರಳ ಕಡಿ ಎಳಿ ಸಾಯ್ತಾವ. ಮ್ಯಾಲಿನ ತುದಿಯಿಂದ ಹೊಸಾವು ಚಿಗತು, ಹಳೇ ದಾರಿ ಹಿಡದ ಇಳೀಬೇಕು. ದಿನಕ್ಕ ಒಂದ ಮಿಲಿಮೀಟರ್.”

“ಅಂದ್ರ ಎಷ್ಟ್ರಿ ಬಾಯಾರ?”

“ನಾಕ ದಿನಕ್ಕ ಒಂದ ಜ್ವಾಳದ ಕಾಳಿನಷ್ಟು.”

“ಯವ್ವಾ! ಅಷ್ಟರಾಗ ನಾ ಹಾನಗಲ್ಲಿಗೆ ತೆವಳಕೋತ ಹೋಗಿ ಬರ್ತೇನಿ.”

ಡಾಕ್ಟರ್ ನಕ್ಕರು. ಬೆರಳ ತುದಿ ಮುಟ್ಟಲು ಏಳು ತಿಂಗಳಾದರೂ ಬೇಕು ಎಂದರು. ಆಮೇಲೆ ನಗದೆ ಇನ್ನೊಂದು ಮಾತು ಹೇಳಿದರು: ಹೊಲಿದ ಜಾಗದಲ್ಲಿ ಗಾಯ ಮಾಯುವಾಗ ಗಟ್ಟಿ ಕಲೆ ಬೆಳೆದರೆ ಎಳೆಗಳು ಅಲ್ಲೇ ಸಿಕ್ಕಿಕೊಂಡು ಗಂಟಾಗುತ್ತವೆ. ಹಾಗಾದರೆ ಬೇಗ ತಿಳಿಯಬೇಕು, ಮತ್ತೆ ತೆರೆಯಬೇಕು. ವರ್ಷ ಒಂದೂವರೆ ವರ್ಷ ಕಳೆದರೆ, ನರ ಬಂದು ಕರೆದರೂ ಹೆಬ್ಬೆರಳಿನ ಸ್ನಾಯು ಓಗೊಡುವುದಿಲ್ಲ. ಖತೀಜಾಬಿಯ ತಲೆಯಲ್ಲಿ ಉಳಿದದ್ದು ಏಳು ತಿಂಗಳು ಎಂಬುದಷ್ಟೇ.

ಡಾಕ್ಟರ್ ಒಂದು ಸಂಶೋಧನೆ ನಡೆಸುತ್ತಿದ್ದರು. ಹೊಲಿದ ನರದ ಸುತ್ತ ತೆಳುವಾದ ಪೊರೆ ಸುತ್ತಿದರೆ ಕಲೆ ಕಡಿಮೆಯಾಗುತ್ತದೆಯೇ ಎಂಬುದು ಪ್ರಶ್ನೆ. ನಲವತ್ತು ಕೈಗಳು, ಅರ್ಧಕ್ಕೆ ಪೊರೆ ಸುತ್ತಿ, ಅರ್ಧಕ್ಕೆ ಸುತ್ತದೆ. ಖತೀಜಾಬಿಯದು ಹದಿನೇಳನೆಯದು, ಪೊರೆ ಸುತ್ತಿದ್ದು. ಹಾನಗಲ್ಲ, ಹಿರೇಕೆರೂರು, ಸವಣೂರಿನ ಕೈಗಳೆಲ್ಲ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಶಿಗ್ಗಾಂವಿಗೆ ಬರಬೇಕು. ಬಸ್ ನಿಲ್ದಾಣದ ಹಿಂದೆ ಒಂದು ಬಾಡಿಗೆ ಕೋಣೆ, ಒಂದು ಮೇಜು, ಮೇಜಿನ ಆಚೆ ಚನ್ನೇಶ. ಅವನು ಫಿಜಿಯೋಥೆರಪಿ ಓದಿದ ದುಂಡಸಿಯ ಹುಡುಗ. ಪರೀಕ್ಷೆ ಮಾಡುವವನು ಅವನೇ.

ಪರೀಕ್ಷೆ ಸರಳ. ಕಣ್ಣು ಮುಚ್ಚಿ ಕೈ ಚಾಚಬೇಕು. ಅವನು ಗಾಳದ ದಾರದಂಥ ನೈಲಾನ್ ಎಳೆಯಿಂದ ಅಂಗೈಯನ್ನೂ ಬೆರಳುಗಳನ್ನೂ ಮುಟ್ಟುತ್ತ ಹೋಗುತ್ತಾನೆ.

“ಗೊತ್ತಾತು ಅಂದ್ರ ಹೂಂ ಅನ್ರಿ ಅವ್ವಾರ. ಇಲ್ಲಾಂದ್ರ ಸುಮ್ಮನಿರ್ರಿ.”

ಸುಮ್ಮನಿರುವುದು ಖತೀಜಾಬಿಗೆ ಹುಟ್ಟಿದಾಗಿನಿಂದಲೂ ಒಗ್ಗದ ವಿದ್ಯೆ. ಆದರೂ ಮೊದಲ ಮೂರು ತಿಂಗಳು ಸುಮ್ಮನಿದ್ದಳು. ನಾಲ್ಕನೆಯ ತಿಂಗಳು ಅಂಗೈಯಲ್ಲಿ ಹೂಂ ಎಂದಳು. ಆರನೆಯ ತಿಂಗಳು ಬೆರಳ ಬುಡದಲ್ಲಿ, ಏಳನೆಯ ತಿಂಗಳು ತುದಿಯಲ್ಲಿ. ಡಾಕ್ಟರ್ ಹೇಳಿದ ಜೋಳದ ಕಾಳು ಒಂದೂ ಹೆಚ್ಚುಕಡಿಮೆಯಾಗದಂತೆ ನರ ಇಳಿದು ಬಂದಿತ್ತು. ಮಣಿಕಟ್ಟಿನಿಂದ ಮುಂದೆ ಬೆರಳಿನಿಂದ ಬಡಿದು ನೋಡಿದಾಗ ಮಾತ್ರ ಚನ್ನೇಶನಿಗೆ ತಲೆ ಕೆರೆದುಕೊಳ್ಳುವಂತಾಗುತ್ತಿತ್ತು. ಬೆಳೆಯುವ ನರದ ತುದಿಯನ್ನು ಬಡಿದರೆ ಕೈಯಲ್ಲಿ ಝುಂ ಎನ್ನಬೇಕು. ಆಕೆಗೆ ಝುಂ ಎನ್ನುತ್ತಿದ್ದುದು ಹೊಲಿಗೆಯ ಗುರುತಿನ ಮೇಲೆ ಮಾತ್ರ. ಅವನು ಅದನ್ನೂ ಬರೆದು ಕಳಿಸಿದ. ಬಡಿಯುವ ಪರೀಕ್ಷೆ ಒಮ್ಮೊಮ್ಮೆ ಹುಸಿಯಾಗುತ್ತದೆ, ದಾರದ ಪರೀಕ್ಷೆಯನ್ನು ನಂಬೋಣ ಎಂದರು ಡಾಕ್ಟರ್. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯರು ಹೇಳಿದ್ದೂ ಹಾಲು ಅನ್ನ. ಹೀಗಿರುವಾಗ ಊಟ ಬಿಟ್ಟು ಏಳುವವರು ಯಾರು?

ಏಳಬೇಕಾದವಳು ಗುಲ್ನಾಜ. ಅತ್ತೆಯ ಕೈಯಿಂದ ಲೋಟ ಜಾರುವುದನ್ನು ಆಕೆ ದಿನವೂ ನೋಡುತ್ತಿದ್ದಳು. ಒಂದು ಬೆಳಿಗ್ಗೆ ರೊಟ್ಟಿ ಮಗುಚಿ ಬಂದ ಖತೀಜಾಬಿಯ ತೋರುಬೆರಳಲ್ಲಿ ಬೊಬ್ಬೆ ಎದ್ದಿತ್ತು, ಅದು ಆಕೆಗೆ ಗೊತ್ತೇ ಇರಲಿಲ್ಲ.

“ಅಮ್ಮಾ, ಬೆರಳು ಸುಟ್ಟೈತಿ.”

“ಸುಟ್ಟರ ಸುಟ್ಟೀತು. ತವಾ ಏನ್ ತಣ್ಣಗಿರತೈತೇನ?” ಎಂದು ಖತೀಜಾಬಿ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ಮುಂದೆ ಮಾತಾಡುವ ಧೈರ್ಯ ಸೊಸೆಗೆ ಆಗಲಿಲ್ಲ.

ಖತೀಜಾಬಿ ಸುಳ್ಳು ಹೇಳುತ್ತಿದ್ದಳೇ? ಮನೆಯಲ್ಲಿ ಕೈ ಸತ್ತಂತಿರುವುದು ಆಕೆಗೆ ಗೊತ್ತಿತ್ತು. ಆದರೆ ಶಿಗ್ಗಾಂವಿಯ ಕೋಣೆಯಲ್ಲಿ ಕಣ್ಣು ಮುಚ್ಚಿದೊಡನೆ ಏನೋ ಮುಟ್ಟಿದಂತಾಗುತ್ತಿತ್ತು, ಹೂಂ ತಾನಾಗಿ ಬರುತ್ತಿತ್ತು. ಬೆರಳು ಅಲ್ಲಿ ಕಲಿಯುತ್ತಿದೆ, ಮನೆಗೆ ಬಂದು ಮರೆಯುತ್ತಿದೆ ಎಂದು ಆಕೆ ತನಗೆ ತಾನೇ ಹೇಳಿಕೊಂಡಿದ್ದಳು. ಬೇಕಾದದ್ದನ್ನು ನಂಬಲು ಮನುಷ್ಯನಿಗೆ ಹೆಚ್ಚು ಸಾಕ್ಷಿ ಬೇಕಾಗುವುದಿಲ್ಲ.

ಎಂಟನೆಯ ತಿಂಗಳು ಜೊತೆಗೆ ಗುಲ್ನಾಜ ಬಂದಿದ್ದಳು. ಚನ್ನೇಶ ತನ್ನ ಎಂದಿನ ಶಿಸ್ತಿನಲ್ಲಿ ದಾರ ಮುಟ್ಟಿಸುತ್ತಿದ್ದ. ಅಷ್ಟರಲ್ಲಿ ಕೋಣೆಯ ಮಾಲೀಕ ಬಾಗಿಲಿಗೆ ಬಂದು ನೀರಿನ ಮೋಟರಿನ ಬೀಗದ ಕೈ ಕೇಳಿದ. ಚನ್ನೇಶ ದಾರ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಅತ್ತ ತಿರುಗಿದ.

“ಹೂಂ,” ಎಂದಳು ಖತೀಜಾಬಿ, ಮುಚ್ಚಿದ ಕಣ್ಣಲ್ಲೇ. ಸ್ವಲ್ಪ ಬಿಟ್ಟು “ಹೂಂ.” ಮತ್ತೆ ಅಷ್ಟೇ ಬಿಟ್ಟು “ಹೂಂ.”

ಚನ್ನೇಶ ತಿರುಗಿ ನೋಡಿದ. ದಾರ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಗುಲ್ನಾಜ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಐದನೆಯ ಹೂಂ ಬಂದ ಮೇಲೆ ಅವನು ಮೆಲ್ಲಗೆ, “ಅವ್ವಾರ, ಕಣ್ಣ ತಗೀರಿ,” ಎಂದ.

ಕಣ್ಣು ತೆರೆದ ಖತೀಜಾಬಿ ಮೊದಲು ಸಿಟ್ಟಾದಳು. “ಮಸ್ಕರಿ ಮಾಡ್ತಿಯೇನ ತಮ್ಮಾ? ನನ್ನ ಸುಳ್ಳಿ ಅಂತೀಯೇನ?”

“ಇಲ್ರಿ ಅವ್ವಾರ. ನಾ ಮುಟ್ಟಿರಲೇ ಇಲ್ಲ.”

ಆಗ ಗುಲ್ನಾಜ ತವೆಯ ಬೊಬ್ಬೆಯ ವಿಷಯ, ಲೋಟದ ವಿಷಯ ಎಲ್ಲ ಹೇಳಿಬಿಟ್ಟಳು. ಚನ್ನೇಶ ಇನ್ನೊಮ್ಮೆ ಕಣ್ಣು ಮುಚ್ಚಲು ಹೇಳಿ, ಈ ಸಲ ಒಮ್ಮೆ ತಡೆದು, ಒಮ್ಮೆ ಬೇಗ, ಮನಬಂದಂತೆ ಮುಟ್ಟಿದ. ಇಪ್ಪತ್ತು ಸಲದಲ್ಲಿ ಒಂದೂ ಸರಿಬೀಳಲಿಲ್ಲ. ಖತೀಜಾಬಿ ತನ್ನ ಕೈಯನ್ನು ಬೇರೆ ಯಾರದೋ ಕೈ ನೋಡುವಂತೆ ನೋಡಿದಳು. ಕಾರಣವನ್ನು ಹೇಳಿದವಳೂ ಆಕೆಯೇ.

“ನೀ ಎಲಿ ಹಿಡದಂಗ ಒಂದ ಸಮ ಮುಟ್ಟತಿದ್ದಿ, ತಮ್ಮಾ. ಮೂವತ್ತ ವರ್ಷ ಐದಕ್ಕೊಂದ ಹೂಂ ಅಂದ ಗಂಟಲ ಇದು. ಅದಕ್ಕ ಬೆರಳ ಬೇಕಾಗಲಿಲ್ಲ.”

ಆ ವಾರವೇ ಹುಬ್ಬಳ್ಳಿಗೆ ಹೋದರು. ಯಂತ್ರದಲ್ಲಿ ನೋಡಿದಾಗ ಹೊಲಿಗೆಯ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟು ಕಾಣಿಸಿತು. ಎಳೆಗಳು ಅಲ್ಲಿಯವರೆಗೆ ಬಂದು ಕಲೆಯೊಳಗೆ ಸಿಕ್ಕಿಬಿದ್ದಿದ್ದವು. ಪೊರೆ ಸುತ್ತಿದ್ದರೂ ಕಲೆ ಬೆಳೆದಿತ್ತು.

“ತಪ್ಪು ನಮ್ಮದೂ ಐತ್ರಿ,” ಎಂದರು ನೀಲಾಂಬಿಕಾ. “ಬಡದು ನೋಡಿದಾಗ ಕೈ ಬ್ಯಾರೆನ ಹೇಳಾಕತ್ತಿತ್ತು. ನನಗ ಕೇಳಬೇಕಂತ ಅನಸಲಿಲ್ಲ. ನಿಮ್ಮ ಹೂಂ ನನಗ ಭಾಳ ಬೇಕಾಗಿತ್ತು.”

ಈಗ ಗಂಟನ್ನು ಕತ್ತರಿಸಿ ತೆಗೆಯಬೇಕು. ನಡುವೆ ಉಳಿಯುವ ತೆರವಿಗೆ ಕಾಲಿನಿಂದ ಒಂದು ನರ ತಂದು ಜೋಡಿಸಬೇಕು. ಪಾದದ ಹೊರ ಅಂಚು ಮರಗಟ್ಟುತ್ತದೆ. ಎಂಟು ತಿಂಗಳು ಹೋಗಿವೆ. ಎಷ್ಟು ಬಂದೀತು ಎಂದು ಹೇಳಲಾಗುವುದಿಲ್ಲ. ಖತೀಜಾಬಿ ಒಂದೇ ಪ್ರಶ್ನೆ ಕೇಳಿದಳು.

“ಎಲಿ ಎಣಸಾಕ ಬರತೈತೇನ್ರಿ?”

“ಗೊತ್ತಿಲ್ರಿ.”

“ಮಾಡ್ರಿ ಹಂಗಾರ,” ಎಂದಳು. ಮಗನನ್ನು ಕೇಳಲಿಲ್ಲ.

ಎರಡನೆಯ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ಎರಡು ತಿಂಗಳು ಕಳೆಯಿತು. ಚನ್ನೇಶನ ಪರೀಕ್ಷೆ ಬದಲಾಯಿತು: ನಲವತ್ತೂ ಕೈಗಳಿಗೆ ಈಗ ತಾಳ ತಪ್ಪಿಸಿ ಮುಟ್ಟುತ್ತಾನೆ, ನಡುನಡುವೆ ಮುಟ್ಟದೆಯೂ ಇರುತ್ತಾನೆ. ಅಲ್ಲಿಯವರೆಗಿನ ಹಾಳೆಗಳನ್ನು ಡಾಕ್ಟರ್ ಹದಿನೇಳನೆಯ ಕೈಯದು ಮಾತ್ರವಲ್ಲ, ಎಲ್ಲರದೂ ಬದಿಗಿಟ್ಟರು. ಎರಡು ವರ್ಷದ ಕೆಲಸ ಮತ್ತೆ ಮೊದಲಿನಿಂದ. ಅದಕ್ಕಾಗಿ ಖತೀಜಾಬಿಯ ಮೇಲೆ ಯಾರೂ ಮುನಿಸಿಕೊಳ್ಳಲಿಲ್ಲ. ಹಾನಗಲ್ಲಿನ ಒಬ್ಬ ಬಡಗಿ ಮಾತ್ರ ಬಸ್ ಖರ್ಚು ದಂಡ ಎಂದು ಗೊಣಗಿದ.

ಖತೀಜಾಬಿ ಈಗ ಪರೀಕ್ಷೆಯಲ್ಲಿ ತುಟಿ ಬಿಗಿದು ಕೂರುತ್ತಿದ್ದಳು. ಹತ್ತು ತಿಂಗಳು ಒಂದೂ ಹೂಂ ಬರಲಿಲ್ಲ. ಹನ್ನೊಂದನೆಯ ತಿಂಗಳು ಬಂತು, ಆದರೆ ವಿಚಿತ್ರವಾಗಿ. ಚನ್ನೇಶ ಮುಟ್ಟಿದ್ದು ತೋರುಬೆರಳನ್ನು, ಆಕೆ ನಡುಬೆರಳು ಎಂದಳು. ಎಳೆಗಳು ಕಲೆ ದಾಟಿ ಬಂದು ಬೇರೆಯವರ ಮನೆಯ ಬಾಗಿಲು ಬಡಿದಿದ್ದವು. ಹೆಬ್ಬೆರಳಲ್ಲಿ ಬಿಸಿ ತಣ್ಣಗೆ ಗೊತ್ತಾಗುತ್ತಿತ್ತು. ಸಪೂರ ದಾರ ಗೊತ್ತಾಗುತ್ತಿರಲಿಲ್ಲ. ಹದಿನಾಲ್ಕನೆಯ ತಿಂಗಳು ನೀಲಾಂಬಿಕಾ ತಾವೇ ಶಿಗ್ಗಾಂವಿಗೆ ಬಂದು ಪರೀಕ್ಷೆ ಮಾಡಿದರು. ಇನ್ನು ಮುಂದೆ ಹೆಚ್ಚು ಬದಲಾಗುವುದಿಲ್ಲ ಎಂದು ನೇರವಾಗಿ ಹೇಳಿದರು. ಖತೀಜಾಬಿ ಅಲ್ಲೇ ಕುಳಿತು ಅತ್ತಳು, ಡಾಕ್ಟರ್ ಎದ್ದು ಹೋಗದೆ ಪಕ್ಕದಲ್ಲಿ ಕುಳಿತರು.

ಮರುದಿನ ಬೆಳಿಗ್ಗೆ ಆಕೆ ಪರಮೇಶಪ್ಪನವರ ಅಂಗಳಕ್ಕೆ ಹೋದಳು. ಎರಡು ವರ್ಷದಿಂದ ಅಲ್ಲಿ ಆಕೆಯ ಜಾಗದಲ್ಲಿ ಯಾರನ್ನೂ ಕಾಯಂ ಕೂರಿಸಿರಲಿಲ್ಲ. ಇವತ್ತು ಒಬ್ಬಳು, ನಾಳೆ ಇನ್ನೊಬ್ಬಳು, ಕಟ್ಟಿನಲ್ಲಿ ಎಲೆ ಹೆಚ್ಚುಕಡಿಮೆಯಾಗಿ ಗಿರಾಕಿಗಳ ಜಗಳ. ಸಾವುಕಾರರು ಆಕೆಯನ್ನು ಕಂಡೊಡನೆ ಎದ್ದು ನಿಂತರು.

“ಬಾ ಖತೀಜಾಬಿ. ಕೈ ಹೆಂಗೈತಿ? ಬರತೈತಿ ತಗೊ, ಇನ್ನ ಎರಡ ತಿಂಗಳದಾಗ ಪೂರಾ ಬರತೈತಿ. ನಿನ್ನ ಜಾಗಾ ಎಲ್ಲಿ ಹೊಕ್ಕೈತಿ?”

ಅಂಗಳದ ಹೆಂಗಸರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಒಳ್ಳೆಯ ಮಾತನ್ನು ಅಲ್ಲಗಳೆಯುವುದು ಖತೀಜಾಬಿಗೆ ಎಂದೂ ಬಂದದ್ದಲ್ಲ. ಹಳೆಯ ರೂಢಿಯ ಹೂಂ ಇನ್ನೇನು ಬಾಯಿಗೆ ಬರುವುದರಲ್ಲಿತ್ತು.

“ಇಲ್ರಿ ಸಾವುಕಾರ್ರ,” ಎಂದಳು. “ಬರೂದೆಲ್ಲಾ ಬಂದೈತಿ. ಇಷ್ಟ ಬಂದೈತಿ. ಎಣಕಿಗೆ ಬ್ಯಾರೆಯವರ್ನ ಕುಂದ್ರಸ್ರಿ.”

ಪರಮೇಶಪ್ಪ ಎಲೆಯ ರಾಶಿಯತ್ತ ನೋಡುತ್ತ ನಿಂತರು. ಖತೀಜಾಬಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಎಣಿಸುವವಳ ಎದುರಿಗೆ, ಕಟ್ಟು ಬಿಗಿಯುವವಳ ಜಾಗದಲ್ಲಿ ಕುಳಿತು, ಎಡಗೈಯಲ್ಲಿ ಬಾಳೆನಾರು ತೆಗೆದುಕೊಂಡಳು.