ದೀಪಾ ಹಿಡದ ದಾಸಿ

ರಾಣಿ ಪಾರ್ಟು ನಂದು. ಕುಷ್ಟಗಿ, ಯಲಬುರ್ಗಾ, ಕಾರಟಗಿ, ನಮ್ಮ ನಾಟಕ ಕಂಪನಿ ಎಲ್ಲಿ ತಗಡಿನ ಥೇಟರ್ ಹಾಕಿದ್ರೂ, ಅನುಮಾನದ ರಾಜ ಕೊಟ್ಟ ವಿಷಾ ಕುಡದು ಹಾಡ್ಕೋತ ಸಾಯಾಕಿ ನಾನ. ನಾ ಸತ್ತ ಕೂಡ್ಲೇ ಮಂದಿ ಸಿಳ್ಳಿ ಹೊಡದು ‘ಒನ್ಸ್ ಮೋರ್’ ಅಂತಿದ್ರು. ಹಂಗ ಕೂಗಿದ್ರಂದ್ರ ಮುಗೀತು, ಸತ್ತಾಕಿ ಎದ್ದು ಸೀರಿ ಝಾಡಿಸ್ಕೊಂಡು, ಅದ ಹಾಡು ಹಾಡಿ ಮತ್ತ ಸಾಯಬೇಕು. ನಮ್ಮ ಕಡೆ ರಿವಾಜ ಅದು. ಯಾರೂ ಕೂಗದಿದ್ರ ಅವತ್ತಿನ ನಾಟಕ ಬಿತ್ತು ಅಂತನ ಲೆಕ್ಕ.

ಅಂಥಾದ್ರಾಗ ಬೆಂಗಳೂರಿಂದ ಸಿನಿಮಾದವ್ರು ಬಂದ್ರು. ಒಂದು ಕಂಪನಿ ಈ ನಾಟಕಾ ಆಡೋದ ಅವರ ಸಿನಿಮಾದ ಕಥಿ. ಡೈರೆಕ್ಟರ್ ನನ್ನ ಸಾವು ನೋಡಿ, ‘ತುಂಬಾ ಜೋರಾಯ್ತಮ್ಮ, ಕ್ಯಾಮೆರಾಕ್ಕೆ ಇಷ್ಟು ಬೇಡ’ ಅಂದು, ರಾಣಿ ಪಾರ್ಟು ನಮ್ಮ ಕಂಪನಿಯ ಹುಡುಗಿಗೆ ಕೊಟ್ಟ. ನಾ ಕಲಿಸಿದ ಹುಡುಗಿ! ಹೆಂಗ ಬೀಳಬೇಕು, ಬೀಳುವಾಗ ಸೆರಗ ಹೆಂಗ ಹಿಡೀಬೇಕು, ಎಲ್ಲಾ ನಾ ಹೇಳಿಕೊಟ್ಟದ್ದು. ನನಗ ದಾಸಿ ವೇಷಾ. ದೀಪಾ ಹಿಡಕೊಂಡು ಹಿಂದ ನಿಂದ್ರೋದು, ಒಂದು ಮಾತಿಲ್ಲ. ‘ಅಕ್ಕಾರ, ಆಶೀರ್ವಾದ ಮಾಡ್ರಿ’ ಅಂತ ಆಕಿ ಕಾಲಿಗೆ ಬಿದ್ಲು. ಬಾಯಿಲೆ ‘ಛಲೋ ಆಗಲವಾ’ ಅಂದೆ. ಹೊಟ್ಟ್ಯಾಗ ಬೆಂಕಿ ಬಿದ್ದಿತ್ತು, ಯಾಕ ಸುಳ್ಳು ಹೇಳಲಿ.

ಶೂಟಿಂಗಿಗೆ ಪ್ರೇಕ್ಷಕರು ಬೇಕಂತ ಯಲಬುರ್ಗಾದ ಮಂದೀನ್ನ ಬಸ್ಸಿನಾಗ ತುಂಬಕೊಂಡು ಬಂದಿದ್ರು. ಹುಡುಗಿ ವಿಷಾ ಕುಡದ್ಲು, ಸತ್ತು ಬಿದ್ಲು. ಮಂದಿ ಸುಮ್ಮನ ಇರಬೇಕಲ್ಲ! ತಗಡು ಹಾರೂಹಂಗ ‘ಒನ್ಸ್ ಮೋರ್’ ಅಂತ ಕೂಗಿದ್ರು. ಆಕಿ ಟಣ್ಣನ ಎದ್ದು ಹಾಡು ಸುರು ಮಾಡಿಬಿಟ್ಲು. ಡೈರೆಕ್ಟರ್ ತಲಿ ಹಿಡಕೊಂಡ. ಸತ್ಯಾನಾಶ ಆತು, ಈಗ ನನ್ನ ಕರೀತಾನ ಅಂತ ನಾ ದೀಪಾ ಕೆಳಗಿಟ್ಟು ಸೆರಗು ಸರಿಮಾಡ್ಕೊಂಡೆ. ಎಲ್ಲಿ ಕರದಾನು! ‘ಯಾರೂ ಕೂಗಬೇಡಿ, ನೀನೂ ಏಳಬೇಡಮ್ಮ’ ಅಂತ ನಕ್ಕೋತ ಆಕಿಗೇ ಮತ್ತ ಮಾಡು ಅಂದ.

ಈ ಸಲ ಆಕಿ ಸತ್ರ ಯಾರೂ ಪಿಟ್ಟ ಅನಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬಾಕಿ ಸೆರಗಿಲೆ ಕಣ್ಣ ಒರಸ್ಕೊಂಡ್ಲು. ಸತ್ತು ಸತ್ತು ಎದ್ದ ನನಗ ಹಂಗ ಸುಮ್ಮನ ಕುಂತು ಅಳೂ ಮಂದಿ ಎಂದೂ ಸಿಕ್ಕಿರಲಿಲ್ಲ. ನನ್ನ ಪಾರ್ಟು, ನನ್ನ ಸಾವು, ಎಲ್ಲಾ ಹೊಡಕೊಂಡು ಹೋದ್ಲಲ್ಲ ಅಂತ ಮತ್ತ ದೀಪಾ ಹಿಡಕೊಂಡಾಕಿ ಆಕಿನ್ನ ನುಂಗೂಹಂಗ ನೋಡ್ಕೋತ ನಿಂತೆ. ಕಣ್ಣಾಗ ನೀರು ತಾನ ಇಳೀತು. ಸಿಟ್ಟಿನ ನೀರು ಅದು.

ಹೋದ ತಿಂಗಳ ಸಿನಿಮಾ ಗಂಗಾವತಿಗೆ ಬಂತು. ಕಂಪನಿ ಮಂದಿ ಎಲ್ಲಾ ಹೋಗಿದ್ವಿ. ಹುಡುಗಿ ನನ್ನ ಬಾಜೂಕ, ನನ್ನ ಕೈ ಹಿಡಕೊಂಡು ಕುಂತಿದ್ಲು. ಪರದೆ ಮ್ಯಾಲೆ ರಾಣಿ ವಿಷಾ ಕುಡದ್ಲು. ಇನ್ನೇನು ಬೀಳಬೇಕು, ಅಷ್ಟರಾಗ ಆಕಿನ್ನ ಬಿಟ್ಟು ನನ್ನ ಮಾರಿ ಬಂತು! ಪರದೆ ತುಂಬ ನನ್ನ ಮಾರಿ, ದೀಪಾ, ಕಣ್ಣೀರು. ಹಿಂದ ಯಾರೋ ಹೆಣ್ಣಮಗಳು, ‘ಪಾಪ, ರಾಣಿ ಮ್ಯಾಲೆ ಎಷ್ಟ ಜೀವಾ ಐತಿ ನೋಡ್ರಿ ದಾಸಿಗೆ’ ಅಂತ ಅತ್ಲು. ಜೀವಾ ಅಂತ ಜೀವಾ! ನನ್ನ ಹೊಟ್ಟಿಕಿಚ್ಚು ನನಗ ಗೊತ್ತಿಲ್ಲೇನು?

ಹುಡುಗಿ ಮೆಲ್ಲಕ ಕೈ ಬಿಡಿಸ್ಕೊಂಡ್ಲು. ‘ನಾ ಸತ್ತದ್ದು ತೋರಿಸಲೇ ಇಲ್ಲಲ್ರೀ ಅಕ್ಕಾರ’ ಅಂದ್ಲು. ಆಕಿ ಹೊಟ್ಟ್ಯಾಗೂ ಬಿತ್ತು ಬೆಂಕಿ. ಖರೇ ಹೇಳ್ತೀನಿ, ನನಗ ಭಾಳ ಛಲೋ ಅನಿಸ್ತು.

ಅಷ್ಟರಾಗ ಯಾರೋ ಸಿಳ್ಳಿ ಹೊಡದು ‘ಒನ್ಸ್ ಮೋರ್!’ ಅಂತ ಕೂಗಿದ್ರು. ಸೀರಿ ನಿರಿಗಿ ಹಿಡಕೊಂಡು ನಾ ಖುರ್ಚಿ ಬಿಟ್ಟು ಅರ್ಧಾ ಎದ್ದಬಿಟ್ಟಿದ್ದೆ. ಸಿನಿಮಾಕ್ಕ ಎಲ್ಲಿ ಕೇಳಸಬೇಕು? ಅದು ಮುಂದಕ್ಕ ಹೋತು, ನನ್ನ ಮಾರಿ ಮತ್ತ ಬರಲೇ ಇಲ್ಲ.

ಹುಡುಗಿ ನನ್ನ ಸೆರಗ ಜಗ್ಗಿ, ‘ಕುಂದರ್ರಿ ಅಕ್ಕಾರ’ ಅಂದ್ಲು.