ಮೊಳಕೆ ರಾಗಿಯ ಪಾಠ

ಅಂತರಸಂತೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿಯಾಗಿದ್ದೆ. ಹೆಸರಿಗೆ ಅತಿಥಿ, ಕೆಲಸವೆಲ್ಲ ನನ್ನ ತಲೆಗೇ. ಪ್ರಯೋಗಾಲಯವೇ ಇಲ್ಲದ ಕಡೆ ವಿಜ್ಞಾನ ಕಲಿಸು ಎಂದರೆ ಇನ್ನೇನು ಮಾಡಲಿ? ಮಕ್ಕಳನ್ನು ಬಿಸಿಯೂಟದ ಅಡುಗೆಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ಹಾಲಿಗೆ ನಿಂಬೆರಸ ಹಿಂಡಿ ಒಡೆಸುವುದು, ಯಾಕೆ ಒಡೆಯಿತು ಎಂದು ಮಾತಾಡುವುದು, ಆಮೇಲೆ ಬೆಲ್ಲ ಹಾಕಿ ತಿಂದುಬಿಡುವುದು. ಪಾತ್ರೆ ತೊಳೆಯುವ ಕೆಲಸವೇ ಇರುತ್ತಿರಲಿಲ್ಲ, ಹಾಗೆ ನೆಕ್ಕುತ್ತಿದ್ದವು.

ಅವರಿಗೆ ಬಲು ಮೆಚ್ಚಿದ್ದು ಮೊಳಕೆ ರಾಗಿಯದು. ಗಟ್ಟಿಯಾಗಿ ರಾಗಿ ಗಂಜಿ ಬೇಯಿಸಿ, ಬೆರಳು ಅದ್ದುವಷ್ಟು ಆರಿಸಿ, ಒಂದು ಚಮಚ ಮೊಳಕೆ ರಾಗಿ ಹಿಟ್ಟು ಕಲಸಿದರೆ ನೋಡನೋಡುತ್ತಲೇ ತೆಳ್ಳಗಾಗುತ್ತದೆ, ಸಿಹಿಯೂ ಬರುತ್ತದೆ. ಮೊಳಕೆಯಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುತ್ತದಲ್ಲ, ಅದು.

ಪಕ್ಕದ ಕೊಠಡಿಯ ಮೇಷ್ಟ್ರು ಕಾಯಂ ನೌಕರರು. ದಿನಾ ಜೊತೆಗೆ ಕೂತು ಉಣ್ಣುತ್ತಿದ್ದ ಸ್ನೇಹಿತರು. "ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ಮಾಡ್ಸಿ ಕಣ್ರೀ. ಬಹುಮಾನ ಬಂದ್ರೆ, ಮುಂದಿನ ವರ್ಷಕ್ಕೂ ನಿಮ್ಮನ್ನೇ ಇಟ್ಕಳಿ ಅಂತ ಹೆಡ್‌ಮಾಸ್ಟ್ರಿಗೆ ನಾನೇ ಹೇಳ್ತೀನಿ" ಅಂದರು. ನನಗೆ ಬೇಕಿದ್ದದ್ದೂ ಅಷ್ಟೇ, ಕೆಲಸ ಉಳಿಯಬೇಕಿತ್ತು. ನಂಬಿದೆ.

ಪ್ರದರ್ಶನಕ್ಕೆಂದು ಎಚ್.ಡಿ. ಕೋಟೆಗೆ ಹೊರಡುವ ದಿನ, "ಅತಿಥಿ ಶಿಕ್ಷಕರು ಬರಂಗಿಲ್ವಂತೆ ಮೇಡಂ" ಎಂದು ಮಕ್ಕಳನ್ನು ತಾವೇ ಬಸ್ಸು ಹತ್ತಿಸಿಕೊಂಡು ಹೋದರು. ಮಧ್ಯಾಹ್ನ ಫೋನು ಬಂತು. "ಏನ್ ಮೇಡಂ ಇದು, ತೆಳ್ಳಗೇ ಆಗ್ತಿಲ್ಲ?"

ವಿಚಾರಿಸಿದರೆ, ಮಕ್ಕಳು ಬೇಡವೆಂದರೂ ಕೇಳದೆ ಮೇಷ್ಟ್ರು ಕುದಿಯುವ ಗಂಜಿಗೇ ಹಿಟ್ಟು ಸುರಿದಿದ್ದರು. ಮುದ್ದೆ ಉಂಡು ಬೆಳೆದ ಜೀವ, ಕುದಿ ಬರದೆ ಹಿಟ್ಟು ಹಾಕುವುದುಂಟೇ ಎಂಬ ಗತ್ತು. ಆ ಬಿಸಿಗೆ ಕಿಣ್ವ ಸತ್ತೇಹೋಗಿತ್ತು. ಅನುಭವಿಸಲಿ ಎಂದು ಫೋನ್ ಇಟ್ಟುಬಿಡಬಹುದಿತ್ತು. ಹಿಂದುಗಡೆ ನನ್ನ ಮಕ್ಕಳ ದನಿ ಕೇಳುತ್ತಿತ್ತು, ಮನಸ್ಸು ಬರಲಿಲ್ಲ. ಹೊಸದಾಗಿ ಗಂಜಿ ಮಾಡಿ, ಆರಿಸಿ, ಆಮೇಲೆ ಹಿಟ್ಟು ಹಾಕಿ ಎಂದು ಹೇಳಿಕೊಟ್ಟೆ.

ಬಹುಮಾನ ಬಂತು. ಮಾರನೆಯ ದಿನ ಶಾಲೆಯ ಫಲಕದಲ್ಲಿ ಶಾಲು ಹೊದ್ದ ಮೇಷ್ಟ್ರ ಫೋಟೊ, ಕೆಳಗೆ 'ಮಾರ್ಗದರ್ಶಕರು' ಎಂದು ಅವರದೇ ಹೆಸರು. ಕೇಳಿದ್ದಕ್ಕೆ, "ಅಯ್ಯೋ ಬುಡಿ ಮೇಡಂ, ನಮ್ ಸ್ಕೂಲಿಗೆ ತಾನೆ ಬಂದಿದ್ದು" ಎಂದು ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು. ಇಂಥವನ ಜೊತೆ ಕೂತು ಉಂಡೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ಆದರೂ ಮಕ್ಕಳಾದರೂ ಬಾಯಿಬಿಡಬೇಡವೇ? ಪ್ರದರ್ಶನದಲ್ಲಿ ಗಂಜಿ ಕಲಸಿದ್ದ ಹುಡುಗಿಯನ್ನು ಕರೆದೆ. "ಇದನ್ನ ಯಾರು ಕಲಿಸಿದ್ದು ಅಂತ ಅಲ್ಲಿ ಕೇಳಲಿಲ್ವೇನೇ?"

"ಕೇಳುದ್ರು ಮಿಸ್. ಸಾರ್ ಅಂತ ಏಳುದ್ವಿ."

"ಯಾಕೆ?"

"ನಿಮ್ ಎಸ್ರು ಏಳುದ್ರೆ ನಿಮ್ ಕೆಲ್ಸ ಓಯ್ತದೆ ಅಂದ್ರು ಸಾರು. ಅದ್ಕೇ ಯಾರೂ ಬಾಯಿ ಬುಡ್ನಿಲ್ಲ ಮಿಸ್. ನಾವು ಏಳೋದೇ ಇಲ್ಲ, ಎದ್ರುಕೋಬೇಡಿ."

ನನ್ನನ್ನು ಉಳಿಸಿಕೊಂಡೆವೆಂಬ ಖುಷಿಯಲ್ಲಿ ಅವಳ ಮುಖ ಅರಳಿತ್ತು. ಜೂನ್‌ನಲ್ಲಿ ಶಾಲೆ ತೆರೆಯಿತು. ನನ್ನನ್ನು ಕರೆಯಲಿಲ್ಲ.